ಕೊಕ್ಕರೆಗಳ ಅಂಕಣದ ಕೊನೆಯ ಪದರ

ಟಾಲ್ಮನ್ ಕಾಲೇಜಿನ ಬಾಸ್ಕೆಟ್‌ಬಾಲ್ ಅಂಕಣದ ನಟ್ಟನಡುವೆ ಒಂದು ಹಕ್ಕಿಯ ಚಿತ್ರವಿತ್ತು. ಹಳದಿ ಎದೆಯ ಮೆಡೋಲಾರ್ಕ್, ಕೊಕ್ಕು ತೆರೆದು ಹಾಡುವ ಭಂಗಿಯಲ್ಲಿ. ಹಕ್ಕಿ ಚೆನ್ನಾಗಿಯೇ ಇತ್ತು, ಅದರ ಮೇಲೆ ತಪ್ಪು ಹೊರಿಸುವಂತಿಲ್ಲ. ತಪ್ಪೆಲ್ಲ ವೆಂಡೆಲ್ ಕ್ರೇಚಿಯದು. ಕಾಲೇಜಿನ ಕ್ರೀಡಾ ನಿರ್ದೇಶಕನಾದ ಅವನು ಹಿಂದಿನ ಬೇಸಿಗೆಯಲ್ಲಿ ಮೇಪಲ್ ಮರದ ಆ ನೆಲವನ್ನು ಪೂರ್ತಿ ಉಜ್ಜಿಸಿ, ಮೆಡೋಲಾರ್ಕ್ ಕೂಟದ ಲಾಂಛನ ಬರೆಸಿ, ಮೇಲೆ ಹೊಳಪು ಹೊಡೆಸಿದ್ದ. ಹೊಳಪಿನ ವಾಸನೆ ಪೂರ್ತಿ ಹೋಗುವ ಮೊದಲೇ ಕೂಟ ಮುರಿದುಬಿತ್ತು.

ಆ ಸೀಮೆಯ ಸಣ್ಣ ಕಾಲೇಜುಗಳು ಆರೋ ಎಂಟೋ ಸೇರಿ ಒಂದೊಂದು ಕೂಟ ಕಟ್ಟಿಕೊಳ್ಳುತ್ತವೆ. ಚಳಿಗಾಲವಿಡೀ ತಮ್ಮತಮ್ಮಲ್ಲೇ ಆಡುತ್ತವೆ, ಗೆದ್ದವರು ಮಾರ್ಚ್‌ನಲ್ಲಿ ರಾಷ್ಟ್ರೀಯ ಪಂದ್ಯಾವಳಿಗೆ ಹೋಗುತ್ತಾರೆ. ಹೇಳುವುದಕ್ಕೆ ಇಷ್ಟೇ. ಆದರೆ ಕೂಟಗಳಿಗೆ ಈಚೆಗೆ ಏನು ಗ್ರಹಚಾರ ಹಿಡಿದಿದೆಯೋ, ಒಬ್ಬರು ಬಿಟ್ಟುಹೋದರೆ ಅವರ ಹಿಂದೆ ಇಬ್ಬರು, ಅವರ ಹಿಂದೆ ಉಳಿದವರು. ಟಾಲ್ಮನ್ನಿನ ಹುಡುಗಿಯರ ತಂಡ ಹತ್ತು ವರ್ಷಗಳಲ್ಲಿ ಮೂರು ಕೂಟಗಳನ್ನು ಕಂಡು, ಮೂರನ್ನೂ ಮಣ್ಣು ಮಾಡಿ ಬಂದಿತ್ತು. ಪ್ರತಿಸಲವೂ ಹಳೆಯ ಲಾಂಛನ ಹೋಗಲೆಂದು ನೆಲ ಉಜ್ಜಿಸಿದ್ದರು. ಮೇಪಲ್ ಹಲಗೆ ಎಷ್ಟು ಉಜ್ಜಿದರೂ ಸವೆಯದೆ ಇರಲು ಅದೇನು ಕಬ್ಬಿಣವೇ? ಇನ್ನೊಂದೇ ಒಂದು ಸಲ, ಆಮೇಲೆ ಮೊಳೆಗಳ ತಲೆ ಮೇಲೆ ಬರುತ್ತವೆ ಎಂದು ಕೆಲಸದವರು ಹೇಳಿ ಹೋಗಿದ್ದರು.

ಹಾಗಾಗಿ ಸತ್ತ ಕೂಟದ ಹಕ್ಕಿಯ ಮೇಲೆಯೇ ಹುಡುಗಿಯರು ಆ ವರ್ಷವಿಡೀ ಓಡಾಡಿದರು. ಅವರ ತಂಡದ ಹೆಸರು ಕೊಕ್ಕರೆಗಳು. ಒಂದು ಹಕ್ಕಿಯ ತಲೆ ಮೇಲೆ ಇನ್ನೊಂದು ಹಕ್ಕಿ ಕುಣಿಯುತ್ತಿದೆ ಎಂದು ಬಂದವರೆಲ್ಲ ತಮಾಷೆ ಮಾಡಿ ಹೋಗುವರು. ವೆಂಡೆಲ್ ಹಲ್ಲು ಕಿರಿಯುವನು. ಇನ್ನೇನು ಮಾಡಿಯಾನು ಪಾಪ.

ಅನಾಥವಾದ ತಂಡವನ್ನು ಆ ಚಳಿಗಾಲ ಬದುಕಿಸಿದವರು ಕೋಚ್ ಡೋರೀನ್ ಹ್ರುಸ್ಕಾ. ಅರವತ್ತು ದಾಟಿದ ಹೆಂಗಸು, ಗಟ್ಟಿ ಕಂಠ, ಕೊರಳಿಗೆ ಸೀಟಿ, ಮಂಡಿಗೆ ಪಟ್ಟಿ. ಯಾವ ಕಾಲೇಜಿನ ಎದುರಾಳಿ ಕೈಕೊಟ್ಟರೂ, ಯಾರ ಪಂದ್ಯ ಹಿಮಕ್ಕೆ ಸಿಕ್ಕಿ ನಿಂತುಹೋದರೂ, ಅವರ ಫೋನು ಬರುವುದು ಡೋರೀನರಿಗೆ. ನಾಳೆ ಬರ್ತೀರಾ ಎಂದರೆ ಬರ್ತೀವಿ ಎನ್ನುವುದೊಂದೇ ಅವರಿಗೆ ಗೊತ್ತಿದ್ದ ಉತ್ತರ. ಬಸ್ಸಿನ ಚಾಲಕ ಸಿಗದಿದ್ದರೆ ತಾವೇ ಸ್ಟೀರಿಂಗ್ ಹಿಡಿದರು. ಊರಿಂದೂರಿಗೆ ಹೋಗಿ ಕೊಕ್ಕರೆಗಳು ಗೆದ್ದ ಪಂದ್ಯಗಳೇ ಹೆಚ್ಚು. ಆದರೆ ಮಾರ್ಚ್ ಬಂದಾಗ ಅವರಿಗೆ ಹೋಗಲು ಜಾಗವಿರಲಿಲ್ಲ, ಯಾಕೆಂದರೆ ಕೂಟವಿರಲಿಲ್ಲ. ಬ್ರೆನ್ನಾ ಸುದಿಕ್ ಎಂಬ ಮೂರನೆಯ ವರ್ಷದ ಹುಡುಗಿ, ತಂಡದ ನಾಯಕಿ, ಕೊನೆಯ ಪಂದ್ಯ ಮುಗಿದ ದಿನ ಹಕ್ಕಿಯ ಪಕ್ಕ ನೆಲದ ಮೇಲೆ ಕೂತು ಶೂ ಬಿಚ್ಚುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ವೆಂಡೆಲ್‌ಗೆ ಅನ್ನಿಸಿತು. ಅವಳ ಮನೆಯ ಅಡುಗೆ ಕೋಣೆಯಲ್ಲಿ ಕೂತು, ನಿಮ್ಮ ಮಗಳು ದೊಡ್ಡ ಪಂದ್ಯಗಳನ್ನು ಆಡುತ್ತಾಳೆ ಎಂದು ಅವಳ ತಂದೆತಾಯಿಗೆ ಮಾತು ಕೊಟ್ಟವನು ಅವನೇ.

ಏಪ್ರಿಲ್‌ನಲ್ಲಿ ಕಾಟನ್‌ವುಡ್ ಕೂಟದಿಂದ ಕರೆ ಬಂತು: ಬನ್ನಿ, ನಮ್ಮ ಜೊತೆ ಸೇರಿ. ಕುಣಿದಾಡಬೇಕಾದ ಸುದ್ದಿ. ಆದರೆ ಕೂಟದ ಏಳು ಕಾಲೇಜುಗಳಲ್ಲಿ ಎರಡು ಆಗಲೇ ಬಿಟ್ಟುಹೋಗುವುದಾಗಿ ಹೇಳಿದ್ದವು. ಮೂರನೆಯದಾದ ಫೋರ್ಟ್ ರೆನಿಕ್ ಕೂಡ ಗಂಟುಮೂಟೆ ಕಟ್ಟುತ್ತಿದೆ ಎಂಬ ಗುಸುಗುಸು. ಆರು ತಂಡಗಳಿಲ್ಲದಿದ್ದರೆ ಕೂಟಕ್ಕೆ ಮಾನ್ಯತೆಯಿಲ್ಲ. ಟಾಲ್ಮನ್ ಸೇರಿದರೆ ಸರಿಯಾಗಿ ಆರು. ಫೋರ್ಟ್ ರೆನಿಕ್ ಹೋದರೆ ಐದು, ಅಲ್ಲಿಗೆ ಮುಗಿಯಿತು. ಕೂಟದ ಲಾಂಛನ ಒಂದು ದೊಡ್ಡ ಮರ. ಎಲೆ ಉದುರುತ್ತಿರುವ ಮರಕ್ಕೆ ಗೂಡು ಕಟ್ಟಲು ಕೊಕ್ಕರೆ ಹೊರಟಿದೆ ಎಂದು ಊರಿನ ಕಾಫಿ ಅಂಗಡಿಯಲ್ಲಿ ನಗೆಯೋ ನಗೆ.

ಸೇರದೆ ಕಾಯೋಣವೆಂದರೆ ಅದೂ ಆಗುವಂತಿರಲಿಲ್ಲ. ಕಾಲೇಜಿನ ಆಡಳಿತ ಮಂಡಳಿಯ ಮುಖ್ಯಸ್ಥ ರಾಲಿನ್ ಬೆಕರ್, ಧಾನ್ಯದ ಗೋದಾಮುಗಳ ಒಡೆಯ, ನೇರವಾಗಿ ಹೇಳಿಬಿಟ್ಟಿದ್ದ: ಮುಂದಿನ ಚಳಿಗಾಲಕ್ಕೆ ಕೂಟವಿಲ್ಲದಿದ್ದರೆ ತಂಡವೂ ಇಲ್ಲ, ಮುಚ್ಚುತ್ತೇವೆ. ಸೇರಿ ಆ ಕೂಟವೂ ಬಿದ್ದರೆ ಆಗಲೂ ಮುಚ್ಚುತ್ತೇವೆ, ಜೊತೆಗೆ ನಿನ್ನನ್ನು ಊರವರು ಆಡಿಕೊಳ್ಳುತ್ತಾರೆ. ಯಾವುದು ಸರಿ ಎಂದು ಮೇ ತಿಂಗಳ ಸಭೆಗೆ ಬಂದು ಹೇಳು. ಎತ್ತ ತಿರುಗಿದರೂ ವೆಂಡೆಲ್‌ಗೆ ಹಕ್ಕಿಯ ತೆರೆದ ಬಾಯಿಯೇ ಕಾಣುತ್ತಿತ್ತು. ಒಂದು ಸಲ ಮುಗ್ಗರಿಸಿದವನು, ಇನ್ನೊಂದು ಸಲ ಕಾಲಿಡಲು ಹೆದರಿದ. ಅದನ್ನು ತಪ್ಪೆನ್ನಲು ನನಗಂತೂ ಬಾಯಿ ಬರದು.

ಡೋರೀನರ ಮುಂದೆ ಇದನ್ನೆಲ್ಲ ತೋಡಿಕೊಂಡಾಗ ಅವರು ಕೇಳಿದ್ದು ಒಂದೇ ಮಾತು.

"ಫೋರ್ಟ್ ರೆನಿಕ್‌ಗೆ ಹೋಗಿ ನೋಡಿದ್ಯಾ?"

ಇಲ್ಲ ಎಂದ. ವರದಿಗಳನ್ನು ಓದಿದ್ದೇನೆ ಎಂದ.

"ಮನೆ ನೋಡ್ದೆ ಸಂಬಂಧ ಬೆಳೆಸ್ತಾರೇನಯ್ಯಾ? ಕಾರು ಹತ್ತು."

ಇಬ್ಬರೂ ಹೋದರು. ಹಾದಿಯುದ್ದಕ್ಕೂ ಗಾಳಿ, ಎರಡೂ ಕಡೆ ಬೋಳು ಜೋಳದ ಹೊಲ. ಫೋರ್ಟ್ ರೆನಿಕ್‌ನ ಒಳಾಂಗಣ ಕ್ರೀಡಾಂಗಣದ ಬಾಗಿಲು ತೆರೆದು ನೋಡಿದರೆ, ಆಹಾ! ಅಂಕಣದ ನಡುವೆ ಬಣ್ಣ ಬಳಿಯುವವನೊಬ್ಬ ಮಂಡಿಯೂರಿ ಕಾಟನ್‌ವುಡ್ ಮರವನ್ನು ಹೊಸದಾಗಿ ಬರೆಯುತ್ತಿದ್ದಾನೆ. ಹಸಿರು ಬಣ್ಣ ಇನ್ನೂ ಹಸಿಹಸಿ. ವೆಂಡೆಲ್‌ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬಿಟ್ಟುಹೋಗುವವರು ಯಾರಾದರೂ ನೆಲಕ್ಕೆ ಹೊಸ ಬಣ್ಣ ಹಾಕಿಸುತ್ತಾರೆಯೇ? ಅವರು ಉಳಿಯುತ್ತಾರೆ, ಇದಕ್ಕಿಂತ ಸಾಕ್ಷಿ ಬೇಕೇ ಎಂದು ಡೋರೀನರ ತೋಳು ಹಿಡಿದು ಪಿಸುಗುಟ್ಟಿದ.

ಡೋರೀನ್ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. "ನೀನೂ ಹಕ್ಕಿ ಬರೆಸಿದ್ದೆ ಕಣಯ್ಯಾ," ಎಂದರು.

ಅವನ ಮುಖ ಪೆಚ್ಚಾಯಿತು. ಅಷ್ಟರಲ್ಲಿ ಅಲ್ಲಿನ ಕೋಚ್ ಐಯೋನ್ ಸ್ಟ್ರಾಂಡ್ ಬಂದಳು, ನಲವತ್ತರ ಹೆಂಗಸು, ಡೋರೀನರನ್ನು ಕಂಡೊಡನೆ ಓಡಿಬಂದು ಅಪ್ಪಿಕೊಂಡಳು. ಬಣ್ಣ ನೋಡಿ ಮೋಸ ಹೋಗಬೇಡಿ ಎಂದು ಅವಳೇ ಹೇಳಿದಳು. ಸೂರು ಸೋರಿ ನೆಲ ಕೆಟ್ಟಿತ್ತಂತೆ, ಇದ್ದದ್ದನ್ನು ಇದ್ದಂತೆ ಮಾಡಿಸುತ್ತಿದ್ದಾರಂತೆ, ಅದರಾಚೆ ಯಾರೂ ಏನೂ ಯೋಚಿಸಿಲ್ಲವಂತೆ. ಅವರ ಕಾಲೇಜಿಗೆ ಹೊಸ ಅಧ್ಯಕ್ಷರು ಬಂದಿದ್ದಾರೆ, ನಾರ್ಬರ್ಟ್ ಕ್ವಿಸ್ಟ್ ಎಂದು, ಪೂರ್ವದ ಕಡೆಯವರು. ಅವರಿಗೆ ಒಂದು ದೊಡ್ಡ ಕೂಟದ ಮೇಲೆ ಕಣ್ಣು. ಡಿಸೆಂಬರಿನಲ್ಲಿ ಅವರ ಮಂಡಳಿ ಮತ ಹಾಕುತ್ತದೆ. ಯಾವ ಕಡೆ ವಾಲುತ್ತದೋ ಆ ದೇವರಿಗೇ ಗೊತ್ತು.

"ಕಾಲೇಜಿನ ಮಾತು ನಾನು ಕೊಡಕ್ಕಾಗಲ್ಲ ಡೋರೀನ್. ನನ್ನ ಮಾತು ಕೊಡ್ತೀನಿ," ಎಂದಳು ಐಯೋನ್. "ಕೂಟ ಇರ್ಲಿ ಬಿಡ್ಲಿ, ವರ್ಷಕ್ಕೆ ಒಂದ್ಸಲ ನಾನು ಹುಡುಗೀರನ್ನ ಕರ್ಕೊಂಡು ನಿಮ್ಮೂರಿಗೆ ಬಂದೇ ಬರ್ತೀನಿ. ಆ ಜನವರೀಲಿ ನಮ್ಮ ಕೊನೇ ವರ್ಷದ ಹುಡುಗೀರ ಕೊನೇ ಪಂದ್ಯಕ್ಕೆ ಎದುರು ಆಡೋಕೆ ಯಾರೂ ಬರ್ದೇ ಇದ್ದಾಗ, ಆ ಹಿಮದಲ್ಲಿ ಬಸ್ ಓಡಿಸ್ಕೊಂಡು ಬಂದೋರು ನೀವು."

ಹಿಂದಿರುಗುವಾಗ ಕಾರು ಓಡಿಸಿದ್ದು ವೆಂಡೆಲ್. ಊರು ದಾಟುತ್ತಲೇ, ಹೀಗಾದರೆ ಬೇಡವೆಂದೇ ಹೇಳುವುದು ಮೇಲು, ಗೊತ್ತಿದ್ದೂ ಗೊತ್ತಿದ್ದೂ ಹುಡುಗಿಯರನ್ನು ಮುಳುಗುವ ಕಡೆಗೆ ಯಾಕೆ ತಳ್ಳಬೇಕು, ಈ ಕೂಟ ನಿಲ್ಲುವುದಿಲ್ಲ ಎಂದ. ಡೋರೀನ್ ಕಿಟಕಿಯ ಗಾಜು ಇಳಿಸಿ ಗಾಳಿಗೆ ಮುಖ ಒಡ್ಡಿದರು. ಸಿಟ್ಟು ಬಂದಾಗ ಅವರು ಹಾಗೆ ಮಾಡುವುದು ಅವನಿಗೆ ಗೊತ್ತಿತ್ತು.

"ನಿಲ್ಲುತ್ತಾ ಇಲ್ವಾ ಅಂತ ಹೊರಗೆ ನಿಂತು ಕೇಳೋರೇ ಎಲ್ಲ," ಎಂದರು. "ಮೂರು ಕೂಟಾನೂ ಬಿದ್ದಿದ್ದು ಹಂಗೇ ಕಣೋ. ಎಲ್ಲರೂ ಬಾಗಿಲ ಹತ್ರ ನಿಂತ್ಕೊಂಡು, ಯಾರು ಮೊದಲು ಓಡ್ತಾರೆ ಅಂತ ನೋಡ್ತಾ ಇದ್ರು. ನಾವೂ ಅಷ್ಟೇ. ನೀನು ಹಕ್ಕಿ ಬರೆಸ್ದೆ ಸರಿ, ಬರೆಸಿದ ವಾರಾನೇ ಇನ್ನೊಂದು ಕೂಟಕ್ಕೆ ಫೋನ್ ಮಾಡಿ ಜಾಗ ಇದ್ಯಾ ಅಂತ ಕೇಳಿರ್ಲಿಲ್ವಾ?"

ಕೇಳಿದ್ದ. ಮುನ್ನೆಚ್ಚರಿಕೆಗೆ ಎಂದು ಕೇಳಿದ್ದ. ಅದು ಎಲ್ಲರ ಕಿವಿಗೂ ಬಿದ್ದಿತ್ತು ಎನ್ನುವುದು ಅವನಿಗೆ ಈಗಷ್ಟೇ ತಿಳಿಯಿತು. ರಸ್ತೆಯ ಮೇಲೆ ಕಣ್ಣು ನೆಟ್ಟು ಕಾರು ಓಡಿಸಿದ.

ಮೇ ಸಭೆಯಲ್ಲಿ ಸೇರೋಣ ಎಂದು ಹೇಳಿದವನು ವೆಂಡೆಲ್ಲೇ. ರಾಲಿನ್ ಬೆಕರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಖಾತರಿ ಏನು ಎಂದು ಕೇಳಿದ. ವೆಂಡೆಲ್ ಬಾಯಿ ತೆರೆಯುವ ಮೊದಲೇ ಡೋರೀನ್ ಎದ್ದುನಿಂತರು. ಉಳಿಯುವ ಐದೂ ಕಾಲೇಜುಗಳ ಕೋಚುಗಳ ಜೊತೆ ತಾವು ಮಾತಾಡಿಯಾಗಿದೆ, ಹೊರಟುನಿಂತ ಎರಡರ ಜೊತೆಗೂ ಮಾತಾಡಿಯಾಗಿದೆ, ಕೂಟ ಬಿದ್ದರೂ ಅಷ್ಟೂ ಜನ ಟಾಲ್ಮನ್ನಿಗೆ ಬಂದು ಆಡುತ್ತಾರೆ ಎಂದರು. ಬಾಯಿಮಾತು ತಾನೇ ಎಂದ ರಾಲಿನ್.

"ಹೌದು, ಬಾಯಿಮಾತೇ. ನಿನ್ನ ಗೋದಾಮಿಗೆ ಜೋಳ ತರೋರು ಪ್ರತಿಸಲ ವಕೀಲನ್ನ ಕರ್ಕೊಂಡು ಬರ್ತಾರಾ ರಾಲಿನ್?"

ಮಂಡಳಿಯವರು ನಕ್ಕರು. ರಾಲಿನ್ ನಗಲಿಲ್ಲ, ಆದರೆ ಕನ್ನಡಕ ಹಾಕಿಕೊಂಡ. ಒಂದು ವರ್ಷ ನೋಡೋಣ, ಬಿದ್ದರೆ ಮುಚ್ಚುವುದೇ ಸೈ ಎಂದು ಗೊಣಗುತ್ತಲೇ ಕೈಯೆತ್ತಿದ. ಟಾಲ್ಮನ್ ಕಾಟನ್‌ವುಡ್ ಕೂಟ ಸೇರಿತು.

ಇಷ್ಟಾದರೂ ವೆಂಡೆಲ್‌ನ ಬುದ್ಧಿ ಹೋಗಲಿಲ್ಲ ನೋಡಿ. ಆಗಸ್ಟ್‌ನಲ್ಲಿ ಅವನು ಒಂದು ಉಪಾಯ ಹೂಡಿದ. ನೆಲದ ಕೊನೆಯ ಪದರವನ್ನು ಉಜ್ಜಿ ಹಾಳುಮಾಡುವ ಬದಲು, ಹಕ್ಕಿ ಮುಚ್ಚಿಹೋಗುವಷ್ಟು ದೊಡ್ಡದೊಂದು ಸ್ಟಿಕ್ಕರ್ ಮಾಡಿಸಿದ. ಮರದ ಚಿತ್ರ, ನಿಜವಾದ ಬಣ್ಣದ ಹಾಗೆಯೇ ಕಾಣುವಂಥದು. ಕೂಟ ಬಿದ್ದರೆ ತುದಿ ಹಿಡಿದು ಎಳೆದರಾಯಿತು, ನೆಲಕ್ಕೆ ಒಂದು ಗೀರೂ ಬೀಳದು. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡು ಡೋರೀನರನ್ನು ಕರೆದು ತೋರಿಸಿದ.

ಡೋರೀನ್ ಕಷ್ಟಪಟ್ಟು ಬಗ್ಗಿ, ಉಗುರಿನಿಂದ ಸ್ಟಿಕ್ಕರಿನ ಅಂಚನ್ನು ಎತ್ತಿದರು. ಅದು ಪರಪರನೆ ಎದ್ದುಬಂತು.

"ನಮ್ಮ ಹುಡುಗೀರು ದಿನಾ ಇದರ ಮೇಲೆ ಓಡ್ತಾರೆ," ಎಂದರು ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದರೆ ಕೂಗಿದ್ದಕ್ಕಿಂತ ಭಯ. "ಬರೋ ಹುಡುಗೀರೂ ಓಡ್ತಾರೆ. ಅಂಚು ಎದ್ದಿರೋದು ಎಲ್ಲರ ಕಾಲಿಗೂ ಗೊತ್ತಾಗುತ್ತೆ ವೆಂಡೆಲ್. ಮತ್ತೆ ಬಾಗಿಲ ಹತ್ರಾನೇ ನಿಂತ್ಯಲ್ಲ ನೀನು."

ಕೊನೆಯ ಪದರ, ಆಮೇಲೆ ಮೊಳೆ ಎಂದು ಅವನು ನೆನಪಿಸಿದ.

"ಗೊತ್ತು. ಅದಕ್ಕೇ ಉಜ್ಜಿಸು ಅಂತಿರೋದು."

ಅಷ್ಟು ಹೇಳಿ ಹೊರಟುಹೋದರು. ವೆಂಡೆಲ್ ಹಕ್ಕಿಯ ಮುಂದೆ ಒಬ್ಬನೇ ಕೂತ. ಅವರ ಮೇಲೆ ಕೋಪ ಬಂತು, ಮುದುಕಿಗೆ ಹಟ ಎಂದು ಬೈದುಕೊಂಡ. ಆದರೆ ಮೂರು ಸಲ ಮನೆ ಕಳೆದುಕೊಂಡೂ ನಾಲ್ಕನೆಯ ಮನೆಗೆ ಗುಡಾರ ಬೇಡ, ಗೋಡೆಯೇ ಬೇಕು ಎನ್ನುವ ಆ ಎದೆಗಾರಿಕೆ ತನಗೆ ಎಲ್ಲಿಂದ ಬರಬೇಕು ಎಂದೂ ಅನ್ನಿಸಿತು. ಆ ಹೆಂಗಸಿನ ಮೇಲೆ ಅವನಿಗೆ ಎಷ್ಟು ಗೌರವವಿತ್ತೆಂದು ಅವನಿಗೇ ಅಂದು ತಿಳಿದದ್ದು. ಮರುದಿನ ಕೆಲಸದವರನ್ನು ಕರೆಸಿದ. ಯಂತ್ರ ಗರ್ರೆಂದು ತಿರುಗಿ ಹಳದಿ ಹಕ್ಕಿ ಹೊಟ್ಟಾಗಿ ಹಾರಿತು. ಬಿಳಿಚಿದ ಹಲಗೆಯ ಮೇಲೆ ಅವರು ಹಸಿರು ಮರ ಬರೆದರು. ಬುಟ್ಟಿಯ ಕಂಬದ ಕೆಳಗೆ, ನೆಲ ಹೆಚ್ಚು ಸವೆದ ಒಂದು ಮೂಲೆಯಲ್ಲಿ, ಒಂದು ಮೊಳೆಯ ತಲೆ ಆಗಲೇ ಸಣ್ಣಗೆ ಮಿನುಗುತ್ತಿತ್ತು. ಅದನ್ನು ಒಳಕ್ಕೆ ಬಡಿದು ಮೇಣ ತುಂಬಿದರು.

ನವೆಂಬರ್‌ನ ಮೊದಲ ಪಂದ್ಯ ಫೋರ್ಟ್ ರೆನಿಕ್ ಜೊತೆ, ಟಾಲ್ಮನ್ನಿನಲ್ಲಿ. ಐಯೋನ್ ತನ್ನ ಹುಡುಗಿಯರೊಂದಿಗೆ ಬಂದಳು, ಜೊತೆಗೆ ಅಧ್ಯಕ್ಷ ಕ್ವಿಸ್ಟ್‌ರನ್ನೂ ಕರೆತಂದಳು. ತೆಳ್ಳಗೆ, ಎತ್ತರ, ಕೋಟಿನ ಗುಂಡಿ ಬಿಚ್ಚದ ಮನುಷ್ಯ. ಡಿಸೆಂಬರಿನ ಮತಕ್ಕೆ ಮುಂಚೆ ಈ ಕೂಟದಲ್ಲಿ ಎಂಥ ಜನ ಇದ್ದಾರೆ ನೋಡೋಣ ಎಂದು ಬಂದಿದ್ದರಂತೆ. ಪಂದ್ಯ ಕೊನೆಯ ಕ್ಷಣದವರೆಗೂ ತೂಗುಯ್ಯಾಲೆಯಾಡಿತು. ಬ್ರೆನ್ನಾಳ ಕೊನೆಯ ಎಸೆತ ಬುಟ್ಟಿಯ ಬಳೆಯನ್ನು ಸವರಿ ಹೊರಗೆ ಬಿತ್ತು, ಕೊಕ್ಕರೆಗಳು ಒಂದೇ ಅಂಕದಿಂದ ಸೋತರು. ಅವಳು ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತು, ಎದುರು ತಂಡದ ಒಬ್ಬೊಬ್ಬರ ಕೈಯನ್ನೂ ಕುಲುಕಿದಳು. ಕೊನೆಯ ವರ್ಷದ ಹುಡುಗಿ, ಹೇಗೆ ತಡೆದುಕೊಂಡಳೋ.

ಟಾಲ್ಮನ್ನಿನಲ್ಲಿ ಡೋರೀನ್ ಹಾಕಿಕೊಟ್ಟ ಒಂದು ಪದ್ಧತಿಯಿದೆ. ಗೆಲ್ಲಲಿ ಸೋಲಲಿ, ಬಂದ ತಂಡ ಹಸಿದು ಬಸ್ಸು ಹತ್ತುವಂತಿಲ್ಲ. ಅಂಕಣದ ಮೇಲೆಯೇ ಕಂಬಳಿ ಹಾಸಿ, ಉದ್ದ ಮೇಜುಗಳನ್ನು ಹಾಕಿ, ಎರಡೂ ತಂಡ ಬೆರೆತು ಕೂರಬೇಕು. ರಾಜ್ಮಾ ಕಾಳು, ಮಾಂಸ ಹಾಕಿದ ಚಿಲಿ ಎಂಬ ಖಾರದ ಸಾರು, ಜೊತೆಗೆ ಸಕ್ಕರೆ ಸುರಿದ ದಾಲ್ಚಿನ್ನಿ ಬನ್ನಿನ ಸುರುಳಿ. ಪೂರ್ವದ ಕ್ವಿಸ್ಟ್‌ರಿಗೆ ಈ ಜೋಡಿ ಅರ್ಥವಾಗದೆ ಸುರುಳಿಯನ್ನು ತಟ್ಟೆಯ ಆಚೆಗೆ ಸರಿಸಿದರು. ಪಕ್ಕದಲ್ಲಿ ಕೂತ ಬ್ರೆನ್ನಾ, ಹಾಗಲ್ಲ ಸರ್, ಹೀಗೆ ಎಂದು ಸುರುಳಿ ಮುರಿದು ಚಿಲಿಯಲ್ಲಿ ಅದ್ದಿ ತೋರಿಸಿದಳು. ಅವರು ಅನುಮಾನದಿಂದಲೇ ಅದ್ದಿದರು, ತಿಂದರು, ಇನ್ನೊಂದು ಸುರುಳಿ ಕೇಳಿದರು.

ಊಟ ಮುಗಿದ ಮೇಲೆ ಅವರು ಎದ್ದು ಅಂಕಣದ ನಡುವೆ ನಿಂತು ಮರದ ಚಿತ್ರವನ್ನು ಬೂಟಿನ ತುದಿಯಿಂದ ಸವರಿ ನೋಡಿದರು. ತಮ್ಮ ಕಾಲೇಜಿನ ನೆಲ ಮಾಡಿಸಿದ್ದು ಈಚೆಗಷ್ಟೇ, ಆ ವಿಷಯ ಅವರಿಗೆ ಹೊಸದಾಗಿ ತಲೆಗೆ ಹತ್ತಿತ್ತು. ಇದನ್ನು ಇನ್ನೆಷ್ಟು ಸಲ ಉಜ್ಜಬಹುದು ಎಂದು ವೆಂಡೆಲ್‌ನನ್ನು ಕೇಳಿದರು.

ವೆಂಡೆಲ್‌ಗೆ ಸುಳ್ಳು ಹೇಳುವ ಆಸೆಯಾಯಿತು. ಸೋತ ಮನೆ, ಸವೆದ ನೆಲ. ಇಂಥ ಬಡತನವನ್ನು ಅತಿಥಿಗೆ ತೋರಿಸುವುದೇ? ಆದರೆ ಮೇಜಿನ ಕೊನೆಯಲ್ಲಿ ಡೋರೀನ್ ಎದುರು ತಂಡದ ಹುಡುಗಿಯೊಬ್ಬಳ ತಟ್ಟೆಗೆ ಬೇಡವೆಂದರೂ ಬಡಿಸುತ್ತಿದ್ದುದು ಕಂಡಿತು.

"ಇನ್ನು ಆಗಲ್ಲ ಸರ್. ಇದೇ ಕೊನೇದು," ಎಂದ. "ಅಲ್ಲೊಂದು ಮೊಳೆ ಆಗಲೇ ಎದ್ದಿತ್ತು, ಬಡಿದು ಮೇಣ ಹಾಕಿದ್ವಿ."

"ನಾವು ಹೋಗಬಹುದು ಅಂತ ನಿಮಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ಮತ್ಯಾಕೆ ಬರೆಸಿದ್ರಿ?"

"ನಾನು ಸ್ಟಿಕ್ಕರ್ ಮಾಡಿಸಿದ್ದೆ ಸರ್. ನಮ್ಮ ಕೋಚ್ ಬೇಡ ಅಂದ್ರು," ಎಂದು ಇದ್ದದ್ದನ್ನು ಹೇಳಿದ.

ಕ್ವಿಸ್ಟ್ ತಲೆಯಾಡಿಸಿ ಬಸ್ಸಿನ ಕಡೆ ನಡೆದರು. ಬಸ್ಸು ಹೊರಟಿತು. ಆಮೇಲೆ ವೆಂಡೆಲ್ ತನ್ನ ಹಣೆಗೆ ತಾನೇ ಹೊಡೆದುಕೊಂಡ. ಮುಂದೆ ನೂರು ವರ್ಷ ನಿಲ್ಲುವ ನೆಲ ಎಂದಿದ್ದರೆ ಗಂಟೇನು ಹೋಗುತ್ತಿತ್ತು? ಡಿಸೆಂಬರ್ ಬರುವವರೆಗೂ ಅವನಿಗೆ ಸರಿಯಾಗಿ ಊಟ ಸೇರಲಿಲ್ಲ.

ಮತದ ದಿನ ಮಧ್ಯಾಹ್ನ ಫೋನು ಬಂತು. ಐಯೋನಳದು.

"ಉಳಿದ್ವಿ ವೆಂಡೆಲ್," ಎಂದಳು. "ಮಂಡಳಿಯವರು ಹೋಗೋಣ ಅಂತಾನೇ ಇದ್ರು. ಕ್ವಿಸ್ಟ್ ಎದ್ದುನಿಂತು ಏನಂದ್ರು ಗೊತ್ತಾ? ಆ ಜನರ ಹತ್ರ ಉಜ್ಜೋದಕ್ಕೆ ಇನ್ನು ಮರಾನೇ ಉಳಿದಿರ್ಲಿಲ್ಲ, ಆದ್ರೂ ಅದರ ಮೇಲೆ ನಮ್ಮ ಕೂಟದ ಗುರುತು ಬರೆಸಿದ್ರು. ಅಂಥೋರನ್ನ ಬಿಟ್ಟು ನಾನು ಎಲ್ಲಿಗೂ ಬರಲ್ಲ ಅಂದ್ರು."

ವೆಂಡೆಲ್ ಕೋಟು ಹಾಕಿಕೊಳ್ಳುವುದನ್ನೂ ಮರೆತು ಹಿಮ ತುಳಿದುಕೊಂಡು ಒಳಾಂಗಣಕ್ಕೆ ಓಡಿದ. ಹುಡುಗಿಯರು ಅಭ್ಯಾಸದಲ್ಲಿದ್ದರು. ಸೋಮಾರಿಗಳಾ, ನಿಮ್ಮಜ್ಜಿಗಳೂ ಇದಕ್ಕಿಂತ ಬೇಗ ಓಡ್ತಾರೆ ಎಂದು ಡೋರೀನ್ ಕೂಗುತ್ತಿದ್ದರು. ಅವನು ಹತ್ತಿರ ಹೋಗಿ, ಐಯೋನ್ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ಡೋರೀನ್ ಪೂರ್ತಿ ಕೇಳಿಸಿಕೊಂಡರು. ಅವರ ಕಣ್ಣು ಮೊದಲು ಹಸಿರು ಮರದ ಮೇಲೆ ಹೋಯಿತು, ಆಮೇಲೆ ಬ್ರೆನ್ನಾಳ ಮೇಲೆ ನಿಂತಿತು.

"ಸರಿ," ಎಂದರು. "ಹಂಗಾದ್ರೆ ಮಾರ್ಚ್‌ಗೆ ತಯಾರಾಗಬೇಕು."

ಓಟಕ್ಕೆ ಚುರುಕು ಮುಟ್ಟಿಸಲು ಸೀಟಿಯನ್ನು ತುಟಿಗಿಟ್ಟರು. ಊದಲಾಗಲಿಲ್ಲ. ಇನ್ನೊಮ್ಮೆ ಇಟ್ಟರು, ಆಗಲೂ ಆಗಲಿಲ್ಲ. ಕೋಚ್‌ಗೆ ಏನಾಯಿತೆಂದು ಹುಡುಗಿಯರು ಓಡುವುದನ್ನು ನಿಲ್ಲಿಸಿ, ಮರದ ಸುತ್ತ ನಿಂತು ಕಾಯುತ್ತಿದ್ದರು.